ಗೌಡರ ಹೊಲಗಳ ನಡುವೆ ಕಲ್ಲವ್ವನ ಕುರಿ

೨೦೦೬ರಲ್ಲಿ ನಾನು ಬಾದಾಮಿ ತಾಲ್ಲೂಕಿನಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ನನ್ನ ಊರು ಇಳಕಲ್ಲು, ಮನೆತನ ನೇಕಾರರದು. ಮಗ್ಗದ ಸಪ್ಪಳ ಕೇಳುತ್ತ ಬೆಳೆದವಳು ಕುರಿಯ ಕೆಮ್ಮು ಕೇಳುವ ಕೆಲಸಕ್ಕೆ ಬಂದಿದ್ದೆ. ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಊರು, ಎಷ್ಟೋ ರೋಗ ನೋಡಿದ್ದೇನೆ. ಆದರೂ ಯಾರಾದರೂ ‘ನಿಮ್ಮ ಕೆಲಸದಲ್ಲಿ ಮರೆಯಲಾರದ ಪ್ರಸಂಗ ಯಾವುದು’ ಎಂದು ಕೇಳಿದರೆ ನಾಲಗೆಯ ತುದಿಗೆ ಬರುವುದು ಕಲ್ಲವ್ವನ ಕುರಿಗಳ ಕಥೆಯೇ. ಈಗಲೂ ಹೇಳಲು ಕುಳಿತರೆ ನನ್ನ ದನಿ ಏರುತ್ತದೆ, ಮನೆಯವರು ‘ಸಾವಕಾಶ’ ಎನ್ನುತ್ತಾರೆ.

ಅದಕ್ಕೂ ಎರಡು ವರ್ಷ ಮೊದಲು ಒಂದು ಯೋಜನೆಯಡಿ ನಮ್ಮ ಆಸ್ಪತ್ರೆಗೆ ಜಿಪಿಎಸ್ ಎಂಬ ಸಾಧನ ಬಂದಿತ್ತು. ಈಗ ಎಲ್ಲರ ಮೊಬೈಲಿನಲ್ಲೂ ನಕ್ಷೆ ಇದೆ, ಆಗ ಇರಲಿಲ್ಲ. ಅಂಗೈ ಅಗಲದ ಡಬ್ಬಿ. ಬಯಲಿನಲ್ಲಿ ಹಿಡಿದು ನಿಂತರೆ ಆಕಾಶದ ಉಪಗ್ರಹಗಳಿಂದ ಸಂಕೇತ ಪಡೆದು ನಾವು ನಿಂತ ಜಾಗದ ಅಕ್ಷಾಂಶ, ರೇಖಾಂಶ ಹೇಳುತ್ತಿತ್ತು. ಗುಂಡಿ ಒತ್ತಿದರೆ ಆ ಜಾಗ ಅದರ ನೆನಪಿನಲ್ಲಿ ಕೂರುತ್ತಿತ್ತು. ಹಾಗೆ ಕೂರಿಸಿದ ಗುರುತಿಗೆ ವೇ-ಪಾಯಿಂಟ್ ಎನ್ನುತ್ತಾರೆ. ಗುರುತುಗಳನ್ನು ಒಂದಾದ ಮೇಲೊಂದು ಪೋಣಿಸಿದರೆ ಅದು ರೂಟ್, ಅಂದರೆ ದಾರಿ. ಐನೂರು ಗುರುತುಗಳಷ್ಟು ಜಾಗವಿತ್ತು. ಒಂದೊಂದರ ಹೆಸರಿಗೆ ಆರೇ ಅಕ್ಷರ. ನನಗಂತೂ ಹೊಸ ಬಳೆ ತೊಟ್ಟ ಹುಡುಗಿಯ ಸಂಭ್ರಮ. ಇಳಕಲ್ಲಿಗೆ ಹೋದಾಗಲೂ ಅದನ್ನು ಚೀಲದಲ್ಲಿ ಒಯ್ದು ನಮ್ಮ ಮನೆಯ ಕಟ್ಟೆಯನ್ನೇ ಗುರುತು ಹಾಕಿಕೊಂಡು ಬಂದಿದ್ದೆ. ಅಪ್ಪ ಮಗ್ಗದ ಕುಣಿಯಲ್ಲಿ ಕುಳಿತೇ ನೋಡಿ, “ಮನಿ ದಾರಿ ಮರತೀಯೇನ ಮಗಳ?” ಎಂದು ನಕ್ಕಿದ್ದರು.

ಈ ಸಾಧನ ನಮಗೇಕೆ ಬಂತೆಂದರೆ, ಇಲ್ಲಿನ ಕುರಿಗಾರರ ಹಿಂಡು ವರ್ಷದ ಹೆಚ್ಚಿನ ಕಾಲ ಸ್ವಂತ ಊರಿನಲ್ಲಿ ಇರುವುದಿಲ್ಲ. ಮಳೆಗಾಲ ಮುಗಿಯುತ್ತಲೇ ಹಿಂಡು ಊರು ಬಿಡುತ್ತದೆ. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ತರುಬುತ್ತಾರೆ, ಅಂದರೆ ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆ, ಉಚ್ಚೆಯಿಂದ ಹೊಲಕ್ಕೆ ಗೊಬ್ಬರವಾಗುತ್ತದೆ. ಬದಲಿಗೆ ರೈತ ಕುರಿಗಾರನಿಗೆ ಜೋಳ ಕೊಡುತ್ತಾನೆ. ಕೆಲವು ರಾತ್ರಿ ಇಲ್ಲಿ, ಕೆಲವು ರಾತ್ರಿ ಮುಂದಿನ ಹೊಲದಲ್ಲಿ. ನಾವು ಲಸಿಕೆ ಹಿಡಿದುಕೊಂಡು ಊರಿಗೆ ಹೋದರೆ ಊರಿದೆ, ಕುರಿ ಇಲ್ಲ! ಆದ್ದರಿಂದ ಹಿಂಡುಗಳು ಎಲ್ಲೆಲ್ಲಿ ತಂಗುತ್ತವೆ, ಎಲ್ಲಿ ನೀರು ಕುಡಿಯುತ್ತವೆ ಎಂದು ಗುರುತು ಹಾಕುವ ಕೆಲಸ ನಮ್ಮದಾಯಿತು.

ನಮ್ಮದು ಅಂದರೆ ನನ್ನದು ಮತ್ತು ಸಂಗಪ್ಪನದು. ಸಂಗಪ್ಪ ನಮ್ಮ ಆಸ್ಪತ್ರೆಯ ಜಾನುವಾರು ಪರಿವೀಕ್ಷಕ, ನನಗಿಂತ ಹಿರಿಯ, ದಪ್ಪ ಮೀಸೆಯ ಮನುಷ್ಯ. ವರ್ಷವಿಡೀ ನಾನು ಒಂದು ಕಡೆ ಹೋದರೆ ಅವನು ಇನ್ನೊಂದು ಕಡೆ ಹೋಗಿ ಗುಂಡಿ ಒತ್ತಿಕೊಂಡು ಬರುತ್ತಿದ್ದ. ಡಬ್ಬಿ ತುಂಬುತ್ತಿತ್ತು. ಅದರೊಳಗೆ ಏನು ತುಂಬಿದೆ ಎಂದು ಇಬ್ಬರೂ ನೋಡಲಿಲ್ಲ.

ಮಾಘ ಮುಗಿಯುವ ಹೊತ್ತಿಗೆ ಹುನಗುಂದದ ಆಸ್ಪತ್ರೆಯಿಂದ ಸಹೋದ್ಯೋಗಿಯೊಬ್ಬರ ಫೋನು ಬಂತು. ಹೊರಗಿನಿಂದ ಕಮತಗಿಯ ಕಡೆ ಬಂದಿದ್ದ ಒಂದು ಹಿಂಡಿನಲ್ಲಿ ಹಿರೇಬೇನೆ ಕಾಣಿಸಿಕೊಂಡಿದೆ ಎಂದರು. ವೈದ್ಯಕೀಯದಲ್ಲಿ ಇದಕ್ಕೆ ಪಿಪಿಆರ್ ಎನ್ನುತ್ತಾರೆ. ವೈರಸ್ ಕಾಯಿಲೆ. ಜ್ವರ, ಕಣ್ಣು ಮೂಗಿನಲ್ಲಿ ಸೋರಿಕೆ, ಬಾಯಿ ತುಂಬ ಹುಣ್ಣು, ಆಮೇಲೆ ಭೇದಿ. ಹಿಂಡಿಗೆ ಹೊಕ್ಕರೆ ಮೊದಲು ಮರಿಗಳು ಉರುಳುತ್ತವೆ. ಇದಕ್ಕೆ ಒಳ್ಳೆಯ ಲಸಿಕೆ ಇದೆ, ಒಮ್ಮೆ ಹಾಕಿದರೆ ಕೆಲವು ವರ್ಷ ಚಿಂತೆಯಿಲ್ಲ. ಆದರೆ ಚುಚ್ಚಿದ ಮೇಲೆ ಮೈಯಲ್ಲಿ ತಡೆಶಕ್ತಿ ಕೂಡಲು ಎರಡು ವಾರವಾದರೂ ಬೇಕು. ಅಲ್ಲಿಯವರೆಗೆ ಆ ಕುರಿ ರೋಗದ ಕುರಿಯ ಮೂತಿಗೆ ಮೂತಿ ತಾಗಿಸಬಾರದು.

ಫೋನು ಇಟ್ಟವಳೇ ಕೂಗಿದೆ, “ಸಂಗಪ್ಪಣ್ಣಾ, ನಮ್ಮ ಕಡಿ ಯಾವ ಹಿಂಡು ಈಗ ಕಮತಗಿ ಹಾದ್ಯಾಗ ಅದಾವು?”

ಹೆಚ್ಚಿನ ಹಿಂಡುಗಳಿಗೆ ಕುಳಗೇರಿ ಕ್ರಾಸಿನಲ್ಲಿ ಮಳೆಗಾಲದ ಕೊನೆಗೆ ಲಸಿಕೆ ಹಾಕಿದ್ದೆವು. ಆಗ ತಪ್ಪಿಸಿಕೊಂಡದ್ದು ಒಂದು ದೊಡ್ಡ ಹಿಂಡು, ನಾವು ಹೋಗುವ ಮೊದಲೇ ಹಾದಿ ಹಿಡಿದದ್ದು.

ಸಂಗಪ್ಪ ಮೀಸೆಯ ಮೇಲೆ ಕೈಯಿಟ್ಟು ಹೇಳಿದ, “ಕಲ್ಲವ್ವನ ಕುರಿರಿ. ಸತ್ತ ಭೀಮಪ್ಪನ ಹೇಣ್ತಿ.”

ಕಲ್ಲವ್ವ ನನಗೆ ಗೊತ್ತಿದ್ದವಳು. ಕುಳಗೇರಿ ಕ್ರಾಸಿನ ಹತ್ತಿರದ ಹಳ್ಳಿಯವಳು. ಗಂಡ ಭೀಮಪ್ಪ ಆ ಮಳೆಗಾಲದಲ್ಲೇ ತೀರಿಕೊಂಡಿದ್ದ. ಹೆಂಗಸು ಹಿಂಡು ನಡೆಸುವುದೆಂದರೇನು, ಮಾರಿಬಿಡೋಣ ಎಂದು ಮೈದುನ ಹನಮಂತ ಹಟ ಹಿಡಿದಿದ್ದ. ಹಿರಿಯರು ಕೂತು ಮಾತಾಡಿ, ಈ ಒಂದು ಹಂಗಾಮು ಅವಳೇ ನಡೆಸಲಿ, ಮುಂದಿನ ಮಳೆಗೆ ಹಿಂಡು ನೆಟ್ಟಗೆ ತಿರುಗಿ ಬಂದರೆ ಅವಳ ಕೈಯಲ್ಲೇ ಇರಲಿ, ಇಲ್ಲದಿದ್ದರೆ ಮಾರಿ ಪಾಲು ಮಾಡೋಣ ಎಂದು ತೀರ್ಮಾನಿಸಿದ್ದರು. ಹಿಂಡು ಹೋದರೆ ಅವಳಿಗೆ ತವರಿನ ಮೂಲೆಯೇ ಗತಿ. ಇದೆಲ್ಲ ಸಂಗಪ್ಪನಿಗೂ ಗೊತ್ತಿತ್ತು, ತಾಲ್ಲೂಕಿನ ಅರ್ಧ ಕುರಿಗಾರರಿಗೂ ಗೊತ್ತಿತ್ತು.

ಹಾಗಾದರೆ ಅವಳೀಗ ಎಲ್ಲಿದ್ದಾಳೆ? ಅವಳ ಹತ್ತಿರ ಫೋನಿಲ್ಲ. ಆದರೆ ಹಿಂದಿನ ವರ್ಷ ಗಂಡ ಹೆಂಡತಿ ಇಬ್ಬರೂ ನಡೆದ ದಾರಿಯ ಒಂದೊಂದು ತಂಗುದಾಣವೂ ನಮ್ಮ ಡಬ್ಬಿಯಲ್ಲಿತ್ತು! ನಾನು ಹೆಮ್ಮೆಯಿಂದ ಅದನ್ನು ತೆರೆದೆ. ಪಟ್ಟಿ ನೋಡಿದೆ. ಗೌಡ-೧. ಗೌಡ-೨. ಗೌಡ-೩. ಒತ್ತುತ್ತ ಹೋದೆ, ಹೆಬ್ಬೆರಳು ನೋಯಿತು, ಗೌಡರು ಮುಗಿಯಲಿಲ್ಲ.

“ಇದೇನ್ ಮಾಡಿಟ್ಟಿ ಸಂಗಪ್ಪಣ್ಣಾ?”

“ಹೊಲಕ್ಕ ಒಡ್ಯಾನ ಹೆಸರ ಇಡಬೇಕಲ್ರಿ ಮೇಡಂರ. ಮತ್ತ ಕುರಿ ಹೆಸರ ಇಡ್ಲ್ಯಾ?”

ತಪ್ಪು ಅನ್ನುವಂತಿರಲಿಲ್ಲ. ನಮ್ಮ ಕಡೆ ಹೊಲವನ್ನು ಗುರುತಿಸುವುದೇ ಒಡೆಯನಿಂದ. ಊರಿಗೊಬ್ಬ ಗೌಡ ಇದ್ದೇ ಇರುತ್ತಾನೆ, ಗೌಡನಿಗೆ ಹೊಲವೂ ಇರುತ್ತದೆ, ಹೊಲ ದೊಡ್ಡದಾದ್ದರಿಂದ ಕುರಿ ಅಲ್ಲೇ ತರುಬುತ್ತವೆ. ನನ್ನದೇನು ಕಡಿಮೆಯೇ? ನಾನು ಕಾಯಿಲೆಯ ಹೆಸರು ಇಟ್ಟಿದ್ದೆ. ಕೆಮ್ಮು-೧, ಕುಂಟು-೨, ಜಂತು-೫. ಯಾವ ಊರಿನ ಕೆಮ್ಮೋ, ಯಾರ ಕುರಿಯ ಕುಂಟೋ ದೇವರೇ ಬಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಕ್ಕು ಮುಗಿದ ಮೇಲೆ ನನಗೆ ಹೆದರಿಕೆಯಾಯಿತು.

ಬಾದಾಮಿಯ ಪೇಟೆಯಲ್ಲಿ ಒಂದು ಫೋಟೊ ಸ್ಟುಡಿಯೊ ಇತ್ತು, ಅಲ್ಲಿ ಕಂಪ್ಯೂಟರ್ ಇತ್ತು. ವೈರು ಸಿಕ್ಕಿಸಿ ಗುರುತುಗಳನ್ನೆಲ್ಲ ಅದಕ್ಕೆ ಇಳಿಸಿದೆವು. ಪರದೆಯ ಮೇಲೆ ಎಳ್ಳು ಚೆಲ್ಲಿದಂತೆ ಚುಕ್ಕೆಗಳು. ಮೊದಲು ಊರಿನ ಪ್ರಕಾರ ಬೇರೆ ಮಾಡಿದೆ. ಪ್ರಯೋಜನವಾಗಲಿಲ್ಲ, ಕುರಿ ಊರಿನ ಗಡಿ ನೋಡಿ ನಡೆಯುವುದಿಲ್ಲ. ತಾರೀಖಿನ ಪ್ರಕಾರ ಜೋಡಿಸಿದರೆ ನಾನು ಮತ್ತು ಸಂಗಪ್ಪ ಸುತ್ತಿದ ದಾರಿ ಬಂತೇ ಹೊರತು ಕುರಿಯ ದಾರಿ ಬರಲಿಲ್ಲ. ಆಗ ನನಗೆ ಹೊಳೆಯಿತು: ಹಿಂಡಿಗೊಂದು ಕಡತ ಮಾಡಬೇಕು, ಪ್ರತಿ ಕಡತದಲ್ಲೂ ನೀರು ಬೇರೆ, ಹೊಲ ಬೇರೆ ಇರಬೇಕು, ಮತ್ತು ನಡೆಯುವ ಕ್ರಮದಲ್ಲೇ ಸಂಖ್ಯೆ ಹಾಕಬೇಕು. ಹೆಸರಿನ ಮೊದಲೆರಡು ಅಕ್ಷರ ಹಿಂಡಿನದು, ಮೂರನೆಯದು ನೀರೋ ಹೊಲವೋ, ಮುಂದೆ ಸಂಖ್ಯೆ. ಲಸಿಕೆಯಾದ ಹಿಂಡಿಗೆ ಹಸಿರು ಬಣ್ಣ, ಆಗದ ಹಿಂಡಿಗೆ ಕೆಂಪು.

ನಾನು ಚುಕ್ಕೆ ಒತ್ತುತ್ತ ಕೇಳುತ್ತಿದ್ದೆ, “ಇಂವ ಯಾವ ಗೌಡ?”

“ಇಂವ ನಮಗ ಮಜ್ಜಿಗಿ ಕೊಟ್ಟ ಗೌಡ್ರಿ. ಅಲ್ಲಿ ಭೀಮಪ್ಪನ ಕುರಿ ಇದ್ದು.”

“ಇಂವ?”

“ಇಂವ ನೀರೂ ಕೇಳಲಿಲ್ಲರಿ. ಯಮನಪ್ಪನ ಕುರಿ.”

ಸಂಗಪ್ಪನಿಗೆ ತಿಂದದ್ದು, ಕುಡಿದದ್ದು ಮರೆಯುವುದಿಲ್ಲ. ನಡುವೆ ಮಿರ್ಚಿ ಭಜಿಯ ಅಂಗಡಿಗಳೂ ಸಿಕ್ಕವು. ಅವನ್ನು ಅಳಿಸಲು ಹೋದೆ. “ಕುಳಗೇರಿ ಕ್ರಾಸಿಂದೊಂದು ಇರ್ಲಿ ಬಿಡ್ರಿ ಮೇಡಂರ,” ಎಂದು ಕೈ ಮುಗಿದ. ಅದನ್ನು ಮಾತ್ರ ಉಳಿಸಿದೆ.

ಕಡೆಗೆ ಭೀಮಪ್ಪನ ಹಿಂಡಿನ ಕಡತ ಪೂರ್ತಿಯಾಯಿತು. ಚುಕ್ಕೆಗಳಿಗೆ ಗೆರೆ ಎಳೆ ಎಂದು ಕಂಪ್ಯೂಟರಿಗೆ ಹೇಳಿದೆ. ಒಂದೇ ಕ್ಷಣ. ಬಾದಾಮಿಯ ಗುಡ್ಡದ ಬುಡದಿಂದ ಹೊರಟು, ನೀರು ಇದ್ದಲ್ಲೆಲ್ಲ ಬಾಗಿ, ಶಿರೂರಿನ ಕಡೆ ಇಳಿದು ಕಮತಗಿಯ ಎರೆ, ಅಂದರೆ ಕಪ್ಪು ಮಣ್ಣಿನ, ಹೊಲಗಳಿಗೆ ಸೇರುವ ಕೆಂಪು ದಾರಿ ಕಣ್ಣೆದುರು ಬಿಚ್ಚಿಕೊಂಡಿತು! ನಾನು ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ಹೊಡೆದೆ. ಫೋಟೊ ತೆಗೆಸಿಕೊಳ್ಳಲು ಬಂದಿದ್ದ ಹೊಸ ಮದುಮಕ್ಕಳು ನನ್ನನ್ನೇ ನೋಡುತ್ತ ನಿಂತರು.

ಜೋಡಿಸಿದ ಗುರುತುಗಳನ್ನು ಡಬ್ಬಿಗೆ ಮರಳಿ ತುಂಬಿಕೊಂಡು, ಮರುದಿನ ಬೆಳಿಗ್ಗೆ ಲಸಿಕೆಯ ಐಸ್ ಪೆಟ್ಟಿಗೆ ಜೀಪಿಗೆ ಹೇರಿ ಹೊರಟೆವು. ಲೆಕ್ಕದ ಪ್ರಕಾರ ಅವಳು ಶಿರೂರಿಗಿಂತ ಮೊದಲಿನ ಒಂದು ಹೊಲದಲ್ಲಿ ಇರಬೇಕು. ಡಬ್ಬಿಯ ಪರದೆಯ ಬಾಣ ತೋರಿಸಿದ ಕಡೆ ಜೀಪು ಓಡಿಸಿ, ಆಮೇಲೆ ಒಡ್ಡು ದಾಟಿ ನಡೆದು ಅಲ್ಲಿ ಮುಟ್ಟಿದರೆ ಹಿಂಡಿಲ್ಲ. ಮೂರು ಕಲ್ಲಿನ ಒಲೆ ಇತ್ತು, ಬೂದಿ ತಣ್ಣಗಿತ್ತು. ಹಿಕ್ಕೆ ಒಣಗಿತ್ತು. ಸಂಗಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ. ನಾನು ಹಳ್ಳಕ್ಕೆ ಇಳಿದು ನೋಡಿದೆ. ಹಿಂದಿನ ವರ್ಷ ಇದೇ ಹೊತ್ತಿಗೆ ನೀರಿದ್ದ ಮಡುವಿನಲ್ಲಿ ಈಗ ಬಿರುಕು ಬಿಟ್ಟ ಕೆಸರು.

“ನೀರಿಲ್ಲಂದ್ರ ಆಕಿ ಇಲ್ಲಿ ಯಾಕ ನಿಂತಾಳು? ಮುಂದಿನ ನೀರು ಯಾವುದೈತಿ?” ಎಂದೆ. ಹಳೆಯ ಪಟ್ಟಿಯಾಗಿದ್ದರೆ ಗೌಡರ ನಡುವೆ ಹುಡುಕಿ ಸಾಯಬೇಕಿತ್ತು. ಈಗ ನೀರಿನ ಗುರುತುಗಳೇ ಸಾಲಾಗಿ ನಿಂತಿದ್ದವು. ಮುಂದಿನ ನೀರು ಒಂದು ಹಳೆಯ ಕಲ್ಲುಗಣಿಯ ಹೊಂಡ. ಜೀಪು ಆ ಕಡೆ ತಿರುಗಿತು. ದಿನ್ನೆ ಏರಿದೊಡನೆ ಸಂಗಪ್ಪ ನನ್ನ ಭುಜ ಅಲುಗಾಡಿಸಿ ಕೂಗಿದ, “ಅಲ್ನೋಡ್ರಿ! ಅಲ್ನೋಡ್ರಿ!” ಹೊಂಡದ ಅಂಚಿನಲ್ಲಿ ಕರಿ, ಕಂದು ಕುರಿಗಳು ತಲೆ ತಗ್ಗಿಸಿ ನೀರು ಕುಡಿಯುತ್ತಿದ್ದವು. ಮೇಲೆ ಬಂಡೆಯ ಮೇಲೆ ಕಂಬಳಿ ಹೊದ್ದು ಕೋಲು ಊರಿ ಕಲ್ಲವ್ವ ನಿಂತಿದ್ದಳು. ನಾನು ಅಷ್ಟು ಜೋರಾಗಿ ಓಡಿದ್ದು ಕಾಲೇಜಿನಲ್ಲಿ ಓಡಿದ ಮೇಲೆ ಅದೇ ಮೊದಲು.

ಕುರಿಗಳ ಕಣ್ಣು, ಬಾಯಿ, ಜ್ವರ ನೋಡಿದೆವು. ಎಲ್ಲವೂ ಗಟ್ಟಿಮುಟ್ಟಾಗಿದ್ದವು. ವಿಷಯ ಹೇಳಿದಾಗ ಅವಳ ಮುಖ ಕಪ್ಪಿಟ್ಟಿತು, ಆದರೆ ಕೂಡಲೇ ಕುರಿ ಹಿಡಿದುಕೊಡಲು ಇಬ್ಬರು ಆಳುಗಳಿಗೆ ಹೇಳಿದಳು. ಹಿಂಡಿಗೆಲ್ಲ ಲಸಿಕೆ ಹಾಕಿ ಮುಗಿಸಿ ನಾನು ಹೇಳಿದೆ, ಇನ್ನು ಎರಡು ವಾರ ಈಚೆಯೇ ಇರು, ಕಮತಗಿಯ ಕಡೆ ಹೆಜ್ಜೆ ಇಡಬೇಡ.

“ಅದಾಗೂದಿಲ್ಲ ಬಾಯಾರ,” ಎಂದಳು. “ಕಮತಗ್ಯಾಗ ಎಲಿ-ಅಡಿಕಿ ತಗೊಂಡೇನಿ.”

ಇದನ್ನು ಸ್ವಲ್ಪ ವಿವರಿಸಬೇಕು. ಸುಗ್ಗಿಗೆ ಮೊದಲೇ ರೈತ ಬಂದು ಕುರಿಗಾರರ ಕೈಗೆ ಎಲೆ ಅಡಿಕೆ ಕೊಡುತ್ತಾನೆ. ತೆಗೆದುಕೊಂಡರೆ ಮುಗಿಯಿತು, ಗೊತ್ತು ಮಾಡಿದ ಹೊತ್ತಿಗೆ ಹಿಂಡು ಆ ಹೊಲದಲ್ಲಿರಲೇಬೇಕು. ಆ ರೈತ ಬೇರೆ ಯಾವ ಹಿಂಡನ್ನೂ ಕರೆಯದೆ ಕಾಯುತ್ತಾನೆ. ಹೋಗದಿದ್ದರೆ ಅವನ ಹೊಲಕ್ಕೆ ಆ ವರ್ಷ ಗೊಬ್ಬರವಿಲ್ಲ. ಕಮತಗಿಯ ರೈತ ಹಿಂದೆಲ್ಲ ಎಲೆ ಅಡಿಕೆ ಕೊಡುತ್ತಿದ್ದದ್ದು ಭೀಮಪ್ಪನಿಗೆ. ಹೆಂಗಸೆಂದು ನೋಡದೆ ಈ ಸಲ ಅವಳ ಕೈಗೆ ಕೊಟ್ಟಿದ್ದ.

ನನಗೆ ತಾಳ್ಮೆ ಕಡಿಮೆ. ರೇಗಿದೆ. “ಕುರಿ ಸತ್ತ ಮ್ಯಾಲ ಮಾತ ಉಳಿಸ್ಕೊಂಡು ಏನ್ ಮಾಡ್ತೀಯವ್ವಾ?”

“ಮಾತ ಹೋದ ಮ್ಯಾಲ ಕುರಿ ಉಳಿಸ್ಕೊಂಡು ಯಾರ ಹೊಲದಾಗ ನಿಲ್ಲಸ್ಲಿರಿ?” ಎಂದಳು ಅವಳು.

ಹಿಂಡು ಸತ್ತರೂ ಹನಮಂತ ಗೆಲ್ಲುತ್ತಾನೆ, ಮಾತು ತಪ್ಪಿದರೂ ಹನಮಂತ ಗೆಲ್ಲುತ್ತಾನೆ. ಔಷಧದ ಪೆಟ್ಟಿಗೆಯಲ್ಲಿ ಇದಕ್ಕೆ ಮದ್ದಿರಲಿಲ್ಲ. ನಾನು ಬಂಡೆಯ ಮೇಲೆ ಅವಳ ಪಕ್ಕ ಕುಳಿತು ಕೇಳಿದೆ, ತೆಗೆದುಕೊಂಡ ಎಲೆ ಅಡಿಕೆಯನ್ನು ಬಿಡಿಸಿಕೊಳ್ಳಲು ದಾರಿಯೇ ಇಲ್ಲವೇ?

ಅವಳು ಕುರಿಗಳ ಕಡೆ ನೋಡುತ್ತ ಹೇಳಿದಳು, “ಒಂದೈತ್ರಿ. ನನ್ನ ಬದಲಿ ಇನ್ನೊಬ್ಬರ ಕುರಿ ಹೊತ್ತಿಗಿ ಸರಿಯಾಗಿ ಹೋಗಿ ನಿಂತ್ರ ಮಾತ ಉಳೀತೈತಿ. ಆದ್ರ ಈ ಬ್ಯಾನ್ಯಾಗ ಯಾರ ಹೋಗ್ತಾರ?”

ಯಾರು ಹೋಗುತ್ತಾರೆ! ಹಸಿರು ಬಣ್ಣದ ಹಿಂಡು ಹೋಗುತ್ತದೆ! ಮಳೆಗಾಲದ ಕೊನೆಗೇ ಲಸಿಕೆಯಾದ ಕುರಿಗೆ ಈ ರೋಗದ ಹೆದರಿಕೆ ಇಲ್ಲ. ಡಬ್ಬಿ ತೆಗೆದೆ. ಹಸಿರು ಹಿಂಡುಗಳಲ್ಲಿ ಈ ಹೊತ್ತಿಗೆ ಹತ್ತಿರ ಇರಬೇಕಾದದ್ದು ಯಮನಪ್ಪನದು, ಗುಳೇದಗುಡ್ಡದ ಕೆಳಗಿನ ಮಡ್ಡಿಯಲ್ಲಿ. ಮಡ್ಡಿ ಎಂದರೆ ಕಲ್ಲು ಮಿಶ್ರಿತ ಒಣ ನೆಲ. ಅವನು ಮುಂದೆ ತರುಬಲಿರುವ ಹೊಲಗಳು, ನೀರು ಎಲ್ಲ ಸಾಲಾಗಿ ಇದ್ದವು. ಅವನು ಕಮತಗಿಗೆ ಹೋಗಲಿ, ಅವನ ಹೊಲಗಳಿಗೆ ಕಲ್ಲವ್ವ ಹೋಗಲಿ. ಯಾವ ರೈತನಿಗೂ ಮಾತು ತಪ್ಪುವುದಿಲ್ಲ, ಕೆಂಪು ಹಿಂಡು ರೋಗದಿಂದ ದೂರವಾಗುತ್ತದೆ. ಹೇಳುವಾಗ ನಾನು ಎಷ್ಟು ಗಡಬಡಿಸಿದೆನೆಂದರೆ ಎರಡು ಸಲ ಹೇಳಬೇಕಾಯಿತು.

ಕಲ್ಲವ್ವ ಜೀಪು ಹತ್ತಿದಳು. ಯಮನಪ್ಪ ಗುರುತಿನ ಹತ್ತಿರದಲ್ಲೇ, ಒಂದು ಬೇವಿನ ಮರದ ಕೆಳಗೆ ಸಿಕ್ಕ. ಮುದುಕ, ಬಾಯಿ ಜೋರು. ಎಲ್ಲ ಕೇಳಿಸಿಕೊಂಡು ಕಲ್ಲವ್ವನನ್ನು ಮೇಲಿಂದ ಕೆಳಗೆ ನೋಡಿದ.

“ಎರಿ ಹೊಲ ಬಿಟ್ಟು ನನ್ನ ಮಡ್ಡಿಗಿ ಬರ್ತೀಯೇನ ತಂಗಿ? ಮೇವೂ ಕಡಿಮಿ, ಜೋಳಾನೂ ಕಡಿಮಿ. ತಲಿ ನೆಟ್ಟಗೈತಿಲ್ಲೊ?”

“ನೆಟ್ಟಗೈತಿ ಅಂತನ ಬಂದೇನಿ ಯಣ್ಣಾ.”

“ನನ್ನ ಕುರಿಗಿ ಬ್ಯಾನಿ ಬಂದ್ರ?” ಎಂದು ನನ್ನ ಕಡೆ ತಿರುಗಿದ.

“ಬರೂದಿಲ್ಲ. ನಾನ ಸೂಜಿ ಮಾಡೇನಿ, ನಾನ ಹೇಳಾಕತ್ತೇನಿ. ಹೊಲ ಮುಗಿಯೂತನಾ ಬಂದು ನೋಡ್ತೇನಿ,” ಎಂದೆ. ಅಳುಕಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಲಸಿಕೆಯ ಮೇಲೆ ನನಗೆ ನಂಬಿಕೆಯಿತ್ತು.

ಕಲ್ಲವ್ವ ಸೊಂಟದ ಸಂಚಿಯಿಂದ ಅಡಿಕೆ ತೆಗೆದು, ಸಂಗಪ್ಪನ ಜೇಬಿನಲ್ಲಿದ್ದ ಎಲೆಯ ಮೇಲಿಟ್ಟು, ಯಮನಪ್ಪನ ಕೈಗೆ ಕೊಟ್ಟಳು. ಯಮನಪ್ಪ ತನ್ನದನ್ನು ಅವಳ ಕೈಗೆ ಕೊಟ್ಟ. ಅಷ್ಟೇ. ಸಹಿ ಇಲ್ಲ, ಕಾಗದ ಇಲ್ಲ. ನನಗೆ ಕುಣಿದುಬಿಡಬೇಕೆನಿಸಿತು.

ಡಬ್ಬಿಯಲ್ಲಿ ಅವಳಿಗಾಗಿ ಹೊಸ ರೂಟ್ ಮಾಡಿದೆ. ಯಮನಪ್ಪನ ಹೊಲ ಮತ್ತು ನೀರಿನ ಗುರುತುಗಳನ್ನು ಕ್ರಮವಾಗಿ ಪೋಣಿಸಿದೆ. ಹಿಂದಿನ ವರ್ಷ ನೀರಿದ್ದು ಈಗ ಬತ್ತಿದ್ದನ್ನು ಯಮನಪ್ಪ ಹೇಳಿದಂತೆ ತೆಗೆದು ಹಾಕಿದೆ. ಡಬ್ಬಿ ಹಿಡಿದು ಸಂಗಪ್ಪ ಅವಳ ಹಿಂಡಿನ ಜೊತೆ ಮೊದಲ ಹೊಲದವರೆಗೆ ನಡೆದ. ಕಾಲು ಬಾತುಕೊಂಡು ಬಂದರೂ ಅವನ ಮುಖ ಊರಗಲವಾಗಿತ್ತು. “ಬಾಣ ತೋರಿಸಿದ ಕಡಿ ಕುರಿ ನಡದ್ವುರಿ ಮೇಡಂರ, ನಾ ಹಿಂದ!” ಎಂದ.

ಆ ವಾರ ಕಮತಗಿಯ ಸುತ್ತ ಹಿರೇಬೇನೆ ಹರಡಿತು. ಲಸಿಕೆಯಿಲ್ಲದ ಎರಡು ಹಿಂಡುಗಳ ಮರಿಗಳು ಸತ್ತವು. ಅವು ಬೇರೆ ಕಡೆಯಿಂದ ಬಂದವು, ನಮ್ಮ ಗುರುತಿನಲ್ಲಿ ಇರಲಿಲ್ಲ. ಅದರ ನೋವು ಈಗಲೂ ಇದೆ. ಯಮನಪ್ಪನ ಕುರಿಗಳು ಆ ನಡುವೆಯೇ ಎರೆ ಹೊಲದಲ್ಲಿ ಹೊಟ್ಟೆ ತುಂಬ ಮೇದು ಸುಖವಾಗಿದ್ದವು. ನಾನು ಹೋದಾಗಲೆಲ್ಲ ಮುದುಕ, “ನಿಮ್ಮ ಸೂಜಿ ಖರೇ ಐತಿ ನೋಡ್ರಿ,” ಎನ್ನುತ್ತಿದ್ದ. ಕಲ್ಲವ್ವನ ಕುರಿ ಮಡ್ಡಿಯಲ್ಲಿ ಸ್ವಲ್ಪ ಸೊರಗಿದವು, ಆದರೆ ಒಂದಕ್ಕೂ ಮೂಗು ಸೋರಲಿಲ್ಲ.

ಮುಂದೆ ನಾನು ಬೇರೆ ತಾಲ್ಲೂಕುಗಳಿಗೆ ಹೋದೆ, ಒಳ್ಳೆಯ ಸಾಧನಗಳು ಬಂದವು, ಮೊಬೈಲೇ ಡಬ್ಬಿಯಾಯಿತು. ಗುರುತುಗಳನ್ನು ಆ ಹೊತ್ತಿಗೇ ಅಚ್ಚುಕಟ್ಟಾಗಿ ಜೋಡಿಸಿಡುವ ಅಭ್ಯಾಸ ನನಗೆ ಆ ಸಲವೇ ಅಂಟಿತು, ಕಿರಿಯರಿಗೂ ಅಂಟಿಸಿದ್ದೇನೆ. ಆದರೆ ಕುರಿಗಾರರನ್ನು ಕಂಡರೆ ಡಬ್ಬಿ ತೆರೆಯುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಯಾರ ಎಲೆ ಅಡಿಕೆ ತೆಗೆದುಕೊಂಡಿದ್ದೀರಿ? ಹಿಂಡು ಎಲ್ಲಿದೆ ಎಂದು ತಿಳಿದರೆ ಲಸಿಕೆ ಹಾಕಬಹುದು. ಯಾರಿಗೆ ಮಾತು ಕೊಟ್ಟಿದೆ ಎಂದು ತಿಳಿದರೆ ಮಾತ್ರ ಅದನ್ನು ಬೇರೆ ದಾರಿಗೆ ತಿರುಗಿಸಬಹುದು. ನನ್ನ ಕೆಲಸ ನನಗೆ ಕಲಿಸಿದ್ದು ಇದು.

ಆ ವರ್ಷ ಮಿರಗದ ಮಳೆಗೆ, ಅಂದರೆ ಜೂನಿನ ಮೊದಲ ಮಳೆಗೆ, ಹಿಂಡುಗಳು ಊರಿಗೆ ತಿರುಗಿದವು. ಮರಿಗಳಿಗೆ ಲಸಿಕೆ ಹಾಕಲೆಂದು ನಾನು ಕಲ್ಲವ್ವನ ಹಟ್ಟಿಗೆ ಹೋದೆ. ಹಿರಿಯರು ಬಂದು ಹಿಂಡು ನೋಡಿ ಹೋಗಿದ್ದರು. ಮೈದುನ ಹನಮಂತ ಅಲ್ಲೇ ನಿಂತಿದ್ದ, ಏನು ಮಾಡಬೇಕೆಂದು ತಿಳಿಯದವನಂತೆ ಕೈಯಲ್ಲೊಂದು ಹಗ್ಗ ಹಿಡಿದುಕೊಂಡು. ಅವನು ಮಾರುವ ಮಾತೆತ್ತುತ್ತಾನೋ ಏನೋ ಎಂದು ನಾನು ಜಗಳಕ್ಕೆ ಸಿದ್ಧಳಾಗಿದ್ದೆ. ಅವನು ನನ್ನ ಕಡೆ ನೋಡಲೂ ಇಲ್ಲ. ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ತಲೆ ತಗ್ಗಿಸಿ ಅತ್ತಿಗೆಯನ್ನು ಕೇಳಿದ.

“ವೈನಿ, ನಾಳಿಗಿ ಕುರಿ ಎತ್ತಾಗ ಹೊಡೀಲಿ?”

ಕಲ್ಲವ್ವ ಮರಿಯೊಂದನ್ನು ನನ್ನ ಸೂಜಿಯ ಮುಂದೆ ಹಿಡಿದುಕೊಂಡೇ ಆಕಾಶ ನೋಡಿದಳು, ಗಾಳಿ ನೋಡಿದಳು, ನಂತರ ಗುಡ್ಡದ ಕಡೆ ಗದ್ದ ಎತ್ತಿ ತೋರಿಸಿದಳು. ಅವನು “ಹೂಂನ್ರಿ” ಎಂದು ಹಗ್ಗ ಹೆಗಲಿಗೆ ಹಾಕಿಕೊಂಡು ಹೋದ.